ನಾಲ್ಕಿಂಚಿನ ಮಡಿ

ಬೇಸ್ ಗಿಟಾರ್ ನುಡಿಸುವವರ ನಡುವೆ ಒಂದು ಮಡಿ ಇದೆ. ಅದರ ಉದ್ದ ನಾಲ್ಕು ಇಂಚು. ಕುತ್ತಿಗೆಯ ತುದಿಯ ನಟ್‌ನಿಂದ ಕೆಳಗಿನ ಬ್ರಿಜ್‌ವರೆಗೆ ತಂತಿ ಮಿಡಿಯುವ ಉದ್ದವನ್ನು ಸ್ಕೇಲ್ ಅನ್ನುತ್ತಾರೆ. ಅದು 34 ಇಂಚಿದ್ದರೆ ಬೇಸ್. 30 ಇದ್ದರೆ ಶಾರ್ಟ್ ಸ್ಕೇಲ್ ಬೇಸ್. ಈ ಎರಡನೆಯ ಹೆಸರನ್ನು ಉಚ್ಚರಿಸುವಾಗ ಎಷ್ಟೋ ಜನರ ತುಟಿಯಂಚಿನಲ್ಲಿ ಒಂದು ಸಣ್ಣ ನಗು ಬರುತ್ತದೆ. ಪಂಕ್ತಿಯಲ್ಲಿ ಕೂರಿಸುತ್ತಾರೆ, ಆದರೆ ಕೊನೆಯ ಎಲೆಗೆ.

ಬೆಂಗಳೂರಿನ ಒಂದು ಅಂಗಡಿಯಲ್ಲಿ ನಾನು ಇದನ್ನು ಕೇಳಿಸಿಕೊಂಡ ಮಾತು ಹೀಗಿತ್ತು: "ಲೇಡೀಸು, ಮಕ್ಳು, ಬಿಗಿನರ್ಸ್‌ಗೆ ಇದು ಓಕೆ ಮೇಡಂ. ಸೀರಿಯಸ್ ಆದ್ಮೇಲೆ ಫುಲ್ ಸೈಜ್ ತಗೊಳ್ಳಿ." ಮೂರು ಗುಂಪನ್ನೂ ಒಂದೇ ಉಸಿರಿನಲ್ಲಿ ಒಂದೇ ಬೆಂಚಿನ ಮೇಲೆ ಕೂರಿಸಿದ ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಕಲಿತದ್ದನ್ನು ಹೇಳಿದ. ನನ್ನ ಜಗಳ ಅವನಿಗೆ ಅದನ್ನು ಕಲಿಸಿದವರ ಜೊತೆ. ಬೇಸ್ ಪಾಠ ಹೇಳುವ ಮೇಷ್ಟರುಗಳು, ಬ್ಯಾಂಡಿನ ಹಿರಿಯರು, ವಿಡಿಯೋ ಮಾಡಿ ಬುದ್ಧಿ ಹೇಳುವವರು, ಎಲ್ಲರೂ ಒಂದು ಕಾರ್ಖಾನೆಯ ಅಳತೆಯನ್ನು ಶಾಸ್ತ್ರ ಮಾಡಿಕೊಂಡು ಕೂತಿದ್ದಾರೆ.

ಆ ಶಾಸ್ತ್ರದ ಮೂಲ ನೋಡೋಣ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದ. ಅದಕ್ಕಿಂತ ಮೊದಲು ಬೇಸ್ ಅಂದರೆ ನಿಂತು ನುಡಿಸುವ, ಆಳೆತ್ತರದ ಡಬಲ್ ಬೇಸ್. ಅದರ ತಂತಿಯ ಉದ್ದ ಸುಮಾರು 41ರಿಂದ 42 ಇಂಚು. ಅದನ್ನು ಹೊತ್ತು ಊರೂರು ತಿರುಗುವುದು ಕಷ್ಟ, ದೊಡ್ಡ ಬ್ಯಾಂಡಿನ ಗದ್ದಲದಲ್ಲಿ ಅದು ಕೇಳಿಸುವುದೂ ಕಷ್ಟ. ಫೆಂಡರ್ ಅದನ್ನು ಮಲಗಿಸಿ, ಕುಗ್ಗಿಸಿ, ಫ್ರೆಟ್ ಜಡಿದು, ಪಟ್ಟಿ ಹಾಕಿ ಹೆಗಲಿಗೆ ನೇತುಹಾಕಿದ. ಕುಗ್ಗಿಸಿ ಅಂದೆನಲ್ಲ, ಅಲ್ಲೇ ಇದೆ ವಿಷಯ. ಇವತ್ತು ಪೂರ್ಣಪ್ರಮಾಣ ಅನ್ನಿಸಿಕೊಳ್ಳುವ 34 ಇಂಚು ಅವತ್ತಿನ ಗಿಡ್ಡ. ಡಬಲ್ ಬೇಸ್‌ನವರಿಗೆ ಅದೊಂದು ಆಟಿಕೆಯ ಹಾಗೆ ಕಂಡಿದ್ದರೆ ಆಶ್ಚರ್ಯವೇನಿಲ್ಲ. ಇನ್ನೊಂದು ತಮಾಷೆ: ಆ ಡಬಲ್ ಬೇಸ್‌ಗಳಲ್ಲೂ ಹೆಚ್ಚು ಬಳಕೆಯಲ್ಲಿರುವುದು ‘ಮುಕ್ಕಾಲು’ ಸೈಜಿನದು. ಪೂರ್ತಿ ಸೈಜು ಅಪರೂಪ. ಅಂದರೆ ಯಾರನ್ನು ನೋಡಿ ನಾವು ಗಿಡ್ಡರಾದೆವೋ ಅವರೂ ಮುಕ್ಕಾಲೇ.

ಎರಡೇ ವರ್ಷಕ್ಕೆ, 1953ರಲ್ಲಿ, ಗಿಬ್ಸನ್ ಕಂಪನಿ ತನ್ನ ಬೇಸನ್ನು ತಂದಾಗ ಅದರ ಸ್ಕೇಲ್ 30.5 ಇಂಚು. 1956ರಲ್ಲಿ ಜರ್ಮನಿಯ ಹಾಫ್ನರ್ ಕಂಪನಿ ಪಿಟೀಲಿನ ಆಕಾರದ ಬೇಸನ್ನು ತಂದಿತು, ಅದು 30. 1961ರಲ್ಲಿ ಹ್ಯಾಂಬರ್ಗಿನ ಒಂದು ಅಂಗಡಿಯಲ್ಲಿ ಪಾಲ್ ಮೆಕಾರ್ಟ್ನಿ ಕೊಂಡದ್ದು ಅದನ್ನೇ. ಅವನು ಎಡಗೈಯವ. ಪಿಟೀಲಿನ ಹಾಗೆ ಎರಡೂ ಕಡೆ ಒಂದೇ ಥರ ಇರುವ ವಾದ್ಯವನ್ನು ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣುವುದಿಲ್ಲ ಎಂಬುದು ಅವನ ಲೆಕ್ಕ, ಜೊತೆಗೆ ಬೆಲೆಯೂ ಕಡಿಮೆ. ಆ ವಾದ್ಯ 1972ರಲ್ಲಿ ಕಳುವಾಗಿ, ಐವತ್ತು ವರ್ಷದ ಮೇಲೆ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿ ಒಡೆಯನ ಕೈ ಸೇರಿತು. ಬೀಟಲ್ಸ್ ಹಾಡುಗಳ ಬೇಸ್ ಗೆರೆಗಳನ್ನು ಪಾಠವಾಗಿ ಹೇಳಿಕೊಡುವ ಮೇಷ್ಟರೇ ಆ ಗೆರೆಗಳು ಹುಟ್ಟಿದ ಅಳತೆಯನ್ನು ಮಕ್ಕಳ ಅಳತೆ ಅನ್ನುವುದು ನನಗೆ ಅರ್ಥವಾಗದ ಸಂಗತಿ. ಕ್ರೀಮ್ ಬ್ಯಾಂಡಿನ ಜ್ಯಾಕ್ ಬ್ರೂಸ್ ನುಡಿಸಿದ್ದು ಗಿಬ್ಸನ್‌ನ ಗಿಡ್ಡ ಬೇಸ್. ಜಾಝ್‌ನಲ್ಲಿ ಬೇಸನ್ನು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ತಂದ ಸ್ಟ್ಯಾನ್ಲಿ ಕ್ಲಾರ್ಕ್, ಡಬಲ್ ಬೇಸನ್ನೂ ಲೀಲಾಜಾಲವಾಗಿ ನುಡಿಸಬಲ್ಲ ಎತ್ತರದ ಆಳು, ಎಲೆಕ್ಟ್ರಿಕ್‌ಗೆ ಬಂದರೆ ಕೈಗೆತ್ತಿಕೊಳ್ಳುವುದು ಗಿಡ್ಡವನ್ನೇ. ಅವನಿಗೆ ಯಾರೂ ‘ಲೇಡೀಸ್‌ಗೆ ಓಕೆ’ ಅನ್ನಲಿಲ್ಲ.

ಹಾಗಾದರೆ ಈ ಮಕ್ಕಳ ಮುದ್ರೆ ಎಲ್ಲಿಂದ ಬಂತು? ಸ್ವಲ್ಪ ಮಟ್ಟಿಗೆ ಫೆಂಡರ್ ಕಂಪನಿಯಿಂದಲೇ. 1966ರಲ್ಲಿ ಅವರು ತಂದ 30 ಇಂಚಿನ ಮಸ್ಟ್ಯಾಂಗ್ ಬೇಸನ್ನು ವಿದ್ಯಾರ್ಥಿಗಳ ವಾದ್ಯಗಳ ಸಾಲಿಗೆ ಸೇರಿಸಿದರು. ಅದು ಮಾರಾಟದ ಉಪಾಯ. ಅಗ್ಗದ್ದನ್ನು ಮೊದಲು ಮಾರಿ, ಆಮೇಲೆ ದುಬಾರಿಯದನ್ನು ಮಾರುವ ಹಳೆಯ ವ್ಯಾಪಾರ. ಅರವತ್ತು ವರ್ಷ ಹಿಂದಿನ ಅಮೆರಿಕದ ಒಂದು ಕಂಪನಿಯ ಬೆಲೆಪಟ್ಟಿಯನ್ನು ನಮ್ಮ ಹೊಳಲ್ಕೆರೆ, ಹೊಸದುರ್ಗದ ಹುಡುಗ ಹುಡುಗಿಯರು ಇವತ್ತಿಗೂ ವೇದವಾಕ್ಯ ಅಂತ ಒಪ್ಪಿಕೊಳ್ಳಬೇಕೆ?

ಈಗ ಕೈಯ ಲೆಕ್ಕ. 34 ಇಂಚಿನ ಬೇಸ್‌ನಲ್ಲಿ ಮೊದಲನೆಯ ಫ್ರೆಟ್‌ನಿಂದ ನಾಲ್ಕನೆಯ ಫ್ರೆಟ್‌ಗೆ ಸುಮಾರು 130 ಮಿಲಿಮೀಟರ್. 30 ಇಂಚಿನದರಲ್ಲಿ ಸುಮಾರು 114. ವ್ಯತ್ಯಾಸ ಒಂದೂವರೆ ಸೆಂಟಿಮೀಟರ್‌ಗಿಂತ ತುಸು ಹೆಚ್ಚು. ಒಂದು ಬೆರಳಿನ ಅಗಲ ಅಂದುಕೊಳ್ಳಿ. ನನ್ನ ಎತ್ತರ ಐದಡಿ ಒಂದಿಂಚು. ಉದ್ದದ ಬೇಸ್‌ನಲ್ಲಿ ಈ ನಾಲ್ಕು ಮನೆಗಳನ್ನು ನಾಲ್ಕು ಬೆರಳಲ್ಲಿ ಹಿಡಿಯಲು ನನ್ನ ಮಣಿಕಟ್ಟು ತಿರುಚಬೇಕು, ಹೆಬ್ಬೆರಳು ಕುತ್ತಿಗೆಯ ಹಿಂದೆ ಜಾರಬೇಕು. ಅರ್ಧ ಗಂಟೆಗೆ ಕಿರುಬೆರಳಿನ ಬುಡದಿಂದ ಮೊಣಕೈವರೆಗೆ ಉರಿ. ‘ಪ್ರಾಕ್ಟೀಸ್ ಮಾಡಿ, ಸರಿಹೋಗುತ್ತೆ’ ಅಂದರು. ಮೂಳೆ ಪ್ರಾಕ್ಟೀಸ್‌ನಿಂದ ಉದ್ದವಾಗುವುದಿಲ್ಲ.

ತಂತಿಯ ಬಿಗಿಯದ್ದೂ ಹೀಗೆಯೇ. ಅದೇ ತಂತಿಯನ್ನು ಅದೇ ಶ್ರುತಿಗೆ ಏರಿಸಿದರೆ, ಬೇಕಾಗುವ ಬಿಗಿ ಉದ್ದದ ವರ್ಗಕ್ಕೆ ಅನುಗುಣ. 30ನ್ನು 34ರಿಂದ ಭಾಗಿಸಿ ವರ್ಗ ಮಾಡಿದರೆ 0.78 ಬರುತ್ತದೆ. ಅಂದರೆ ಗಿಡ್ಡದರಲ್ಲಿ ಬಿಗಿ ಶೇಕಡಾ 22ರಷ್ಟು ಕಡಿಮೆ. ಬೆರಳು ಒತ್ತಲು ಅಷ್ಟು ಹಗುರ, ತಂತಿಯನ್ನು ಎಳೆದು ಸ್ವರ ಬಗ್ಗಿಸಲು ಅಷ್ಟು ಸಲೀಸು.

ಇದಕ್ಕೆಲ್ಲ ಸಾಮಾನ್ಯವಾಗಿ ಬರುವ ಉತ್ತರ: "ಆದ್ರೆ ಆ ಸೌಂಡ್ ಬರಲ್ಲ." ಈ ‘ಆ ಸೌಂಡ್’ ಭಕ್ತರಿಗೆ ನನ್ನದೊಂದು ಪ್ರಶ್ನೆ. ನಿಮ್ಮ 34 ಇಂಚಿನ ವಾದ್ಯದಲ್ಲಿ ಎರಡನೆಯ ಫ್ರೆಟ್ ಒತ್ತಿ. ಈಗ ಬೆರಳಿನಿಂದ ಬ್ರಿಜ್‌ವರೆಗೆ ಮಿಡಿಯುತ್ತಿರುವ ತಂತಿ ಎಷ್ಟುದ್ದ? 30.3 ಇಂಚು. ಅಂದರೆ ಎರಡನೆಯ ಮನೆಯಿಂದಾಚೆಗೆ ನೀವು ನುಡಿಸುವ ಪ್ರತಿಯೊಂದು ಸ್ವರವೂ ಗಿಡ್ಡ ತಂತಿಯದ್ದೇ. ದಿನವಿಡೀ ಅಲ್ಲೇ ಓಡಾಡಿಕೊಂಡು, ರಾತ್ರಿ ಬಂದು ಗಿಡ್ಡ ತಂತಿಗೆ ಗಾಂಭೀರ್ಯವಿಲ್ಲ ಅನ್ನುವುದು ಯಾವ ನ್ಯಾಯ?

ಹಾಗಂತ ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಅತಿ ದಪ್ಪದ ತಂತಿಯನ್ನು ಬರಿದಾಗಿ ಮೀಟಿದಾಗ, ಅಂದರೆ ಸೆಕೆಂಡಿಗೆ 41 ಕಂಪನದ ಆ ಕೆಳಗಿನ ಸ್ವರದಲ್ಲಿ, ಉದ್ದದ ವಾದ್ಯ ಹೆಚ್ಚು ಸ್ಫುಟ. ಪಿಯಾನೋದ ಕೆಳಸ್ವರದಂಥ ಅಂಚು ಅಲ್ಲಿದೆ. ಗಿಡ್ಡದ್ದು ಗುಂಡಗೆ, ಮೆತ್ತಗೆ, ಸ್ವಲ್ಪ ಮಬ್ಬಾಗಿ ಕೇಳುತ್ತದೆ. ಐದನೆಯ ತಂತಿ ಹಾಕಿ ಇನ್ನೂ ಕೆಳಕ್ಕೆ ಇಳಿಯುವ ಆಸೆಯಿದ್ದವರು ಉದ್ದದ ವಾದ್ಯವನ್ನೇ ಕೊಳ್ಳಲಿ. ಆದರೆ ಇದು ಸ್ವಭಾವದ ವ್ಯತ್ಯಾಸ, ದರ್ಜೆಯದ್ದಲ್ಲ. ಕೊಳಲಿನಲ್ಲಿ ಉದ್ದದ್ದು, ಗಿಡ್ಡದ್ದು ಎಲ್ಲವೂ ಇವೆ. ಗಿಡ್ಡ ಕೊಳಲು ಹಿಡಿದವನಿಗೆ ‘ಸೀರಿಯಸ್ ಆದ್ಮೇಲೆ ಉದ್ದದ್ದು ತಗೋ’ ಅಂತ ಯಾರೂ ಹೇಳುವುದಿಲ್ಲ. ಇನ್ನು, ಈ ಸ್ಫುಟತೆಯ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವವರಲ್ಲಿ ಹೆಚ್ಚಿನವರು ಹಾಡು ಕೇಳುವುದು ಫೋನಿನ ಸ್ಪೀಕರಿನಲ್ಲಿ. ಬೆರಳುಗುರಿನಷ್ಟಿರುವ ಆ ಸ್ಪೀಕರಿನಿಂದ 41 ಕಂಪನದ ಸ್ವರ ಬರುವುದೇ ಇಲ್ಲ. ಬರುವುದು ಅದರ ಮೇಲಿನ ಅನುಸ್ವರಗಳು ಮಾತ್ರ, ಮೂಲ ಸ್ವರವನ್ನು ನಮ್ಮ ಕಿವಿ ತಾನೇ ಕಟ್ಟಿಕೊಳ್ಳುತ್ತದೆ. ಇಲ್ಲದ ಸ್ವರವನ್ನು ಕಲ್ಪಿಸಿಕೊಂಡು ಕೇಳುತ್ತಾ ನಾಲ್ಕಿಂಚಿಗೆ ಜಗಳ!

ಎರಡನೆಯ ಮಡಿ ಇದಕ್ಕಿಂತ ಗಟ್ಟಿ. ಕೊಂಡ ವಾದ್ಯವನ್ನು ಮುಟ್ಟಬಾರದು ಎಂಬುದು. ಕಂಪನಿಯಿಂದ ಬಂದ ಹಾಗೇ ಇರಬೇಕು, ಬಿಚ್ಚಿದರೆ, ಕೊರೆದರೆ, ಬದಲಿಸಿದರೆ ‘ಒರಿಜಿನಲ್’ ಕೆಟ್ಟಿತು, ಮರುಮಾರಾಟದ ಬೆಲೆ ಹೋಯಿತು. ವಾದ್ಯವನ್ನು ಕೊಂಡ ದಿನವೇ ಮಾರುವ ದಿನದ ಲೆಕ್ಕ ಹಾಕುವವರನ್ನು ನೋಡಿದರೆ ನನಗೆ ನಗು ಬರುತ್ತದೆ. ಸೈಟು ಕೊಂಡವರು ಮನೆ ಕಟ್ಟದೆ ಸುತ್ತ ತಂತಿಬೇಲಿ ಹಾಕಿ ಬಿಡುತ್ತಾರಲ್ಲ, ಹಾಗೆ.

ನಮ್ಮ ನೆಲದಲ್ಲಿ ವಾದ್ಯ ಅಂದರೆ ಹೀಗಿರಲೇ ಇಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರದಿಂದ ವೀಣೆ ಮಾಡುತ್ತಾರೆ. ವೀಣೆಯ 24 ಮೆಟ್ಟಿಲುಗಳನ್ನು ಕೂರಿಸುವುದು ಮೇಣದ ಮೇಲೆ. ಅದಕ್ಕೆ ಮೇಳ ಕಟ್ಟುವುದು ಅನ್ನುತ್ತಾರೆ. ಕಿವಿಯಿಂದ ಕೇಳಿ ಕೇಳಿ ಒಂದೊಂದು ಮೆಟ್ಟಿಲನ್ನೂ ಕೂದಲೆಳೆಯಷ್ಟು ಆಚೀಚೆ ಸರಿಸುತ್ತಾರೆ. ವರ್ಷಗಳು ಕಳೆದು ಮೇಣ ಸಡಿಲವಾದರೆ, ಮೆಟ್ಟಿಲು ಸವೆದರೆ, ಎಲ್ಲ ಕಿತ್ತು ಮತ್ತೆ ಮೇಳ ಕಟ್ಟಬೇಕು. ಯಾರೂ ಇದನ್ನು ಒರಿಜಿನಲ್ ಕೆಡಿಸುವುದು ಅನ್ನಲಿಲ್ಲ. ವೀಣೆ ಒಂದೇ ಸಲಕ್ಕೆ ಮಾಡಿ ಮುಗಿಸುವ ವಸ್ತುವಲ್ಲ, ಮಾಡಿಸುತ್ತಲೇ ಇರಬೇಕಾದದ್ದು. ತಂಬೂರಿಯಲ್ಲೂ ಗಂಡಸರ ಶ್ರುತಿಗೆ ದೊಡ್ಡದು, ಹೆಂಗಸರ ಶ್ರುತಿಗೆ ಅದಕ್ಕಿಂತ ಸಣ್ಣದು, ವಾದ್ಯದವರಿಗೆ ಇನ್ನೂ ಸಣ್ಣದು ಇರುತ್ತದೆ. ಕಂಠಕ್ಕೆ ತಕ್ಕ ತಂಬೂರಿಯೇ ಹೊರತು ತಂಬೂರಿಗೆ ತಕ್ಕ ಕಂಠ ಅಲ್ಲ.

ತಿರುಮಕೂಡಲು ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿಕೊಂಡರು. ಮೈಕು ಇಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಬೇಕಿತ್ತು, ಕೈಯಲ್ಲಿದ್ದ ವಾದ್ಯ ಅದಕ್ಕೆ ಸಾಲಲಿಲ್ಲ, ಅದನ್ನೇ ಬದಲಿಸಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನು ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ್ದಾರೆ. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ಆ ವಾದ್ಯ ಗಮಕಕ್ಕೆ ಒಗ್ಗುವಂತೆ ಅದನ್ನು ಮಾರ್ಪಡಿಸಿಕೊಂಡು, ವರ್ಷಗಟ್ಟಲೆ ಸಾಧನೆ ಮಾಡಿ ಕರ್ನಾಟಕ ಸಂಗೀತ ನುಡಿಸಿದರು. ನಮ್ಮ ಭಜನೆಮನೆಯ ಹಾರ್ಮೋನಿಯಂ? ಅದು ಯುರೋಪಿನಿಂದ ಬಂದಾಗ ಕಾಲಿನಿಂದ ಒತ್ತುವ, ಕುರ್ಚಿಯ ಮೇಲೆ ಕೂತು ನುಡಿಸುವ ದೊಡ್ಡ ಪೆಟ್ಟಿಗೆ. 19ನೆಯ ಶತಮಾನದ ಕೊನೆಯ ಹೊತ್ತಿಗೆ ಕಲ್ಕತ್ತೆಯಲ್ಲಿ ಅದರ ಕಾಲು ಕತ್ತರಿಸಿ, ತಿದಿಯನ್ನು ಕೈಗೆ ತಂದು, ಚಾಪೆಯ ಮೇಲೆ ಕೂತವರಿಗೆ ಒಗ್ಗಿಸಿದರು. ಜಗತ್ತಿನ ಅತ್ಯಂತ ಯಶಸ್ವಿ ಶಾರ್ಟ್ ಸ್ಕೇಲ್ ವಾದ್ಯ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಹಾರ್ಮೋನಿಯಂ ಅನ್ನುತ್ತೇನೆ, ಸ್ವಲ್ಪ ಅತಿಶಯೋಕ್ತಿಯಾದರೂ ಪರವಾಗಿಲ್ಲ.

(ದುರ್ಗದ ಕಡೆಯವರು ಬರೆದದ್ದರಲ್ಲಿ ಓಬವ್ವ ಬಾರದೆ ಇರುವುದಿಲ್ಲ ಅಂತ ಸ್ನೇಹಿತರು ಆಡಿಕೊಳ್ಳುತ್ತಾರೆ. ಬಂದೇ ಬಿಡಲಿ: ಒನಕೆ ಒರಿಜಿನಲ್ ಆಗಿ ಆಯುಧವಲ್ಲ.)

ನನ್ನ ಬೇಸ್ ಸೆಕೆಂಡ್ ಹ್ಯಾಂಡಿನದು, 30 ಇಂಚು. ಬೆಂಗಳೂರಿನಲ್ಲಿ ಕೊಂಡು, ರೈಲಿನಲ್ಲಿ ಚಿಕ್ಕಜಾಜೂರು ಜಂಕ್ಷನ್‌ವರೆಗೆ ತೊಡೆಯ ಮೇಲೇ ಇಟ್ಟುಕೊಂಡು ಬಂದೆ. ಬಿ.ದುರ್ಗದಲ್ಲಿ ಗಿಟಾರ್ ರಿಪೇರಿಯವರು ಯಾರೂ ಇಲ್ಲ. ಆದರೆ ಅಡಿಕೆ ತೋಟ ಇರುವ ಕಡೆ ಬೋರ್‌ವೆಲ್ ಇರುತ್ತದೆ, ಬೋರ್‌ವೆಲ್ ಇರುವ ಕಡೆ ಮೋಟಾರ್ ವೈಂಡಿಂಗ್ ಅಂಗಡಿ ಇರುತ್ತದೆ. ಬೇಸ್‌ನ ಪಿಕಪ್ ಅಂದರೆ ಏನು? ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ತಾಮ್ರದ ತಂತಿ. ಮೇಲಿನ ಉಕ್ಕಿನ ತಂತಿ ಅಲುಗಾಡಿದರೆ ತಾಮ್ರದಲ್ಲಿ ವಿದ್ಯುತ್ ಹುಟ್ಟುತ್ತದೆ. ನನ್ನದರ ಒಂದು ಎಳೆ ಬೆಸುಗೆ ಬಿಟ್ಟುಕೊಂಡಿತ್ತು. ವೈಂಡಿಂಗ್ ಅಂಗಡಿಯವರು ಬಿಚ್ಚಿ ನೋಡಿ, "ಅಕ್ಕಾ, ಇದು ನಮ್ ಮೋಟ್ರು ಕಾಯಿಲ್ ತರಾನೇ ಐತಲ್ಲ. ಆದ್ರೆ ತಂತಿ ಕೂದ್ಲಿಗಿಂತ ತೆಳು ಐತೆ, ಕೆಮ್ಮಿದ್ರೆ ಹರಿದೋಗ್ತದೆ" ಅಂದರು. ಉಸಿರು ಬಿಗಿಹಿಡಿದು ಬೆಸೆದುಕೊಟ್ಟರು. ಅಂಥ ತಂತಿಯ ದಪ್ಪ ಸಾಮಾನ್ಯವಾಗಿ 0.06 ಮಿಲಿಮೀಟರ್‌ನ ಆಸುಪಾಸು. ಅವರ ಮಾತು ಉತ್ಪ್ರೇಕ್ಷೆಯಲ್ಲ.

ಆಮೇಲೆ ಫ್ರೆಟ್‌ಗಳನ್ನು ಕೀಳಿಸಿದೆ. ಎಲ್ಲವನ್ನೂ. ನಾನು ನುಡಿಸಬೇಕಾದದ್ದು ತತ್ವಪದಗಳ ಜೊತೆ, ವಚನಗಳ ಜೊತೆ. ಅಲ್ಲಿ ಸ್ವರದಿಂದ ಸ್ವರಕ್ಕೆ ಜಾರದೆ ಮೆಟ್ಟಿಲು ಹತ್ತಿದರೆ ಹಾಡುವವರ ಪಕ್ಕ ಟೈಪ್‌ರೈಟರ್ ಇಟ್ಟ ಹಾಗಿರುತ್ತದೆ. ಬೆಸುಗೆ ಕಡ್ಡಿಯಿಂದ ಒಂದೊಂದು ಫ್ರೆಟ್ಟನ್ನೂ ಬಿಸಿ ಮಾಡಿ, ಮರ ಸೀಳದ ಹಾಗೆ ಇಕ್ಕಳದಿಂದ ಮೆಲ್ಲಗೆ ಎತ್ತಬೇಕು. ಉಳಿದ ಸಂದಿಗೆ ನಮ್ಮ ಬಡಗಿ ಅಣ್ಣ ತೆಳುವಾದ ಮರದ ಪಟ್ಟಿ ತುಂಬಿ, ಅಂಟು ಹಾಕಿ, ಉಜ್ಜಿ ಸಮ ಮಾಡಿಕೊಟ್ಟ. ಬೇರೆ ಬಣ್ಣದ ಮರವನ್ನೇ ಹಾಕಿದ್ದರಿಂದ ಸ್ವರಸ್ಥಾನ ಕಣ್ಣಿಗೆ ಕಾಣುತ್ತದೆ. ಫ್ರೆಟ್ ಹೋದ ಮೇಲೆ ತಂತಿ ಹಲಗೆಯಿಂದ ತೀರಾ ಮೇಲಾಗುತ್ತದೆ, ನಟ್‌ನ ಗೀರುಗಳನ್ನು ಆಳ ಮಾಡಬೇಕು. ಅದಕ್ಕೆ ಬೇಕಾದ ಸಣ್ಣ ಅರ ಇದ್ದದ್ದು ಅಕ್ಕಸಾಲಿಗರ ಹತ್ತಿರ. ಉಕ್ಕಿನ ಸುರುಳಿ ಸುತ್ತಿದ ಮಾಮೂಲಿ ತಂತಿ ಮರದ ಹಲಗೆಯನ್ನು ಅರದ ಹಾಗೆ ತಿನ್ನುತ್ತದೆ, ಆದ್ದರಿಂದ ಚಪ್ಪಟೆ ಸುತ್ತಿನ ತಂತಿ ಹಾಕಿದೆ. ಬ್ರಿಜ್ ಹತ್ತಿರ ತಂತಿಗಳ ಕೆಳಗೆ ಒಂದು ತುಂಡು ಸ್ಪಂಜು. ಸ್ಪಂಜು ನನ್ನ ಆವಿಷ್ಕಾರವಲ್ಲ, ಹಳೆಯ ಫೆಂಡರ್‌ಗಳಲ್ಲಿ ಕಾರ್ಖಾನೆಯವರೇ ಹಾಕುತ್ತಿದ್ದರು.

ಫ್ರೆಟ್ ಕಿತ್ತದ್ದಕ್ಕೆ ಬೈದವರು ಬಹಳ. ಅವರಿಗೆ ಬಿಲ್ ವೈಮನ್ ಹೆಸರು ಹೇಳುತ್ತೇನೆ. ರೋಲಿಂಗ್ ಸ್ಟೋನ್ಸ್ ಸೇರುವುದಕ್ಕೂ ಮೊದಲು, 1961ರಲ್ಲಿ, ಆತ ಒಂದು ಅಗ್ಗದ ಬೇಸ್ ಕೊಂಡು, ಅದರ ಮೈ ಕೊಯ್ದು ಸಣ್ಣದು ಮಾಡಿ, ಫ್ರೆಟ್ ಕಿತ್ತುಹಾಕಿದ. ಪುಟ್ಟ ಕೈಯ ಆ ಮನುಷ್ಯ ಆಮೇಲೂ ಬಹುಪಾಲು ಗಿಡ್ಡ ಬೇಸ್‌ಗಳನ್ನೇ ನುಡಿಸಿದ.

ಶ್ರುತಿಯನ್ನೂ ಬದಲಿಸಿದ್ದೇನೆ. ವೀಣೆಗೆ ನುಡಿಸುವ ತಂತಿ ನಾಲ್ಕು: ಸಾರಣಿ, ಪಂಚಮ, ಮಂದ್ರ, ಅನುಮಂದ್ರ. ತೆಳುವಿನಿಂದ ದಪ್ಪಕ್ಕೆ ಸ-ಪ-ಸ-ಪ. ಬೇಸ್‌ಗೂ ನಾಲ್ಕೇ ತಂತಿ, ಮಾಮೂಲಿ ಶ್ರುತಿ ದಪ್ಪದಿಂದ ತೆಳುವಿಗೆ ಇ-ಎ-ಡಿ-ಜಿ. ದಪ್ಪದ್ದನ್ನು ಒಂದು ಸ್ವರ ಇಳಿಸಿ, ತೆಳುವನ್ನು ಒಂದು ಸ್ವರ ಏರಿಸಿದರೆ ಡಿ-ಎ-ಡಿ-ಎ. ಬಿಳಿ ಎರಡರ ಶ್ರುತಿಯಲ್ಲಿ ಹಾಡುವವರಿಗೆ ಅದೇ ಸ-ಪ-ಸ-ಪ, ವೀಣೆಗೆ ತಲೆಕೆಳಗು ಅಷ್ಟೆ. ಇಲ್ಲಿ ಗಿಡ್ಡದ್ದರ ಗುಟ್ಟು ಬಯಲಾಗುತ್ತದೆ. ತೆಳು ತಂತಿಯನ್ನು ಹೀಗೆ ಏರಿಸಿದರೆ ಬಿಗಿ ಶೇಕಡಾ 26 ಹೆಚ್ಚುತ್ತದೆ. ಉದ್ದದ ವಾದ್ಯದಲ್ಲಿ ಇದು ಬೆರಳಿಗೆ ಬೇಲಿತಂತಿ. ಗಿಡ್ಡದರಲ್ಲಿ ಮೊದಲೇ 22 ಕಡಿಮೆ ಇತ್ತಲ್ಲ, ಹಾಗಾಗಿ ಏರಿಸಿದ ಮೇಲೂ ಉದ್ದದ ವಾದ್ಯದ ಮಾಮೂಲಿ ಬಿಗಿಗೆ ಬಂದು ನಿಲ್ಲುತ್ತದೆ. ಇಳಿಸಿದ ದಪ್ಪ ತಂತಿ ಜೋಲುಬೀಳುತ್ತದೆ ನಿಜ. ಅದಕ್ಕೆ ಇನ್ನೊಂದು ಅಳತೆ ದಪ್ಪನೆಯ ತಂತಿ ಹಾಕಬೇಕು.

ಇಷ್ಟಕ್ಕೆ ‘ಕಸ್ಟಮೈಸ್’ ಅನ್ನುವ ಪದ ಬಳಸಲು ನನಗೆ ಮುಜುಗರ. ಆ ಪದವನ್ನು ಬೇರೆಯವರು ಕೆಡಿಸಿದ್ದಾರೆ. ಅವರ ಪ್ರಕಾರ ಕಸ್ಟಮೈಸ್ ಅಂದರೆ ವಾದ್ಯದ ಬೆಲೆಗಿಂತ ಹೆಚ್ಚಿನ ಬೆಲೆಯ ಪಿಕಪ್ ತರಿಸುವುದು, ಚಿನ್ನದ ಬಣ್ಣದ ಸ್ಕ್ರೂ ಹಾಕುವುದು, ಫೋಟೋ ಹಾಕುವುದು. ಮುಟ್ಟಬಾರದು ಅನ್ನುವವರಿಗೂ ಕೊಳ್ಳುತ್ತಲೇ ಇರಬೇಕು ಅನ್ನುವವರಿಗೂ ಮೇಲ್ನೋಟಕ್ಕೆ ಜಗಳ, ಒಳಗೆ ಒಂದೇ ನಂಬಿಕೆ: ವಾದ್ಯದ ಯೋಗ್ಯತೆ ಅಂಗಡಿಯಿಂದ ಬರುತ್ತದೆ ಅಂತ. ನಾನು ಖರ್ಚು ಮಾಡಿದ್ದರಲ್ಲಿ ದೊಡ್ಡ ಬಾಬತ್ತು ತಂತಿಯದು. ವೈಂಡಿಂಗ್ ಅಂಗಡಿಯವರು ದುಡ್ಡೇ ತೆಗೆದುಕೊಳ್ಳಲಿಲ್ಲ, ಹಬ್ಬಕ್ಕೆ ಬಂದು ನುಡಿಸಿ ಅಂದರು.

ಇನ್ನು ಮೂರನೆಯವರು. ಇವರು ನಮ್ಮವರೇ, ಸಾಹಿತ್ಯದವರು. ಇವರಿಗೆ ಇಂಚಿನ ಚಿಂತೆಯಿಲ್ಲ. "ಏಕತಾರಿ ಬಿಟ್ಟು ಈ ಕರೆಂಟಿನ ಗಿಟಾರು ಯಾಕೆ? ತತ್ವಪದಕ್ಕೆ ಇದು ಒಗ್ಗುತ್ತದೆಯೆ?" ಎಂಬುದು ಇವರ ಕಳವಳ. ಈ ಕಳವಳಕ್ಕೆ ಹಳೆಯ ಚರಿತ್ರೆಯಿದೆ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಭಾರತೀಯ ಸಂಗೀತಕ್ಕೆ ತಕ್ಕದ್ದಲ್ಲ ಅಂತ ಅದನ್ನು ಹೊರಗಿಟ್ಟಿತು. 1971ರವರೆಗೂ ಆ ನಿಷೇಧ ಇತ್ತು. ಅಷ್ಟೂ ಕಾಲ ನಮ್ಮ ಕಂಪನಿ ನಾಟಕಗಳಲ್ಲಿ, ಭಜನೆಗಳಲ್ಲಿ ಹಾರ್ಮೋನಿಯಂ ಮೊಳಗುತ್ತಲೇ ಇತ್ತು. ಪಿಟೀಲು ಹೊರಗಿನದು, ಕ್ಲಾರಿನೆಟ್ ಹೊರಗಿನದು. ಹೊರಗಿನದಲ್ಲದ್ದು ಯಾವುದು ಅಂತ ಹುಡುಕಿ ಹೊರಟರೆ ಮೇಳದಲ್ಲಿ ಎಷ್ಟು ಜನ ಉಳಿಯುತ್ತಾರೆ?

ಆದರೂ ಇವರ ಮಾತಿಗೆ ಬೇರೆ ಥರದ ಉತ್ತರವೂ ಇದೆ. ಕೆಳಸ್ವರದ ಮೋಹ ನಮಗೆ ಅಮೆರಿಕದಿಂದ ಬಂದದ್ದಲ್ಲ. ಮಂದ್ರ ಎಂಬ ಮಾತು ಕನ್ನಡಿಗರಿಗೆ ಭೈರಪ್ಪನವರ ಕಾದಂಬರಿಗಿಂತ ಬಹಳ ಮೊದಲೇ ಗೊತ್ತಿತ್ತು. ಎಲ್ಲಮ್ಮನ ಪದ ಹಾಡುವವರ ಚೌಡಿಕೆಯನ್ನು ಗಮನಿಸಿ. ಮರದ ಕೊಳಗ, ತಳಕ್ಕೆ ಚರ್ಮ, ಚರ್ಮದ ನಡುವಿನಿಂದ ಮೇಲಕ್ಕೆ ಎಳೆದ ಒಂದು ತಂತಿ. ಕಂಕುಳಲ್ಲಿ ಇರುಕಿಕೊಂಡು ಮೀಟಿದರೆ ‘ಡುಂಯ್’ ಅಂತ ಸ್ವರ ಬಾಗುತ್ತದೆ. ತಾಳವೂ ಅದೇ, ಶ್ರುತಿಯೂ ಅದೇ. ಬೇಸ್ ಗಿಟಾರ್ ಮಾಡುವ ಕೆಲಸವೂ ಇದಕ್ಕಿಂತ ಬೇರೆಯಲ್ಲ. ಅದನ್ನು ಯಾರೂ 34 ಇಂಚಿಗೆ ಅಳೆಯಲಿಲ್ಲ, ಕಂಕುಳಿಗೆ ಅಳೆದರು. ನಮ್ಮ ಜಿಲ್ಲೆಯ ಮ್ಯಾಸಬೇಡರ ಉರುಮೆಯಲ್ಲಿ ಒಂದು ಮುಖಕ್ಕೆ ಬಡಿತ, ಇನ್ನೊಂದು ಮುಖವನ್ನು ಕೋಲಿನಿಂದ ಉಜ್ಜಿದರೆ ಹೊಟ್ಟೆಯೊಳಗಿಂದ ಬರುವ ಗುಟುರು. ಫ್ರೆಟ್ ಕಿತ್ತ ಗಿಡ್ಡ ಬೇಸ್‌ನಲ್ಲಿ ದಪ್ಪ ತಂತಿಯ ಮೇಲೆ ಬೆರಳು ಜಾರಿಸಿದಾಗ ನನಗೆ ನೆನಪಾಗುವುದು ಆ ಗುಟುರೇ. ಆ ಮಬ್ಬು, ಆ ಗುಂಡಗಿನ ದನಿ, ಉದ್ದದ ವಾದ್ಯದವರು ದೋಷ ಅನ್ನುವುದೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತದೆ.

ರಘು ದೀಕ್ಷಿತ್ 2008ರ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ಪದಗಳನ್ನು ಬ್ಯಾಂಡಿನೊಂದಿಗೆ ಹಾಡಿದಾಗ ಪದ ಸಾಯಲಿಲ್ಲ. ಕಾಲೇಜು ಹುಡುಗರು ಕುಣಿಯುತ್ತಲೇ ಅದನ್ನು ಬಾಯಿಪಾಠ ಮಾಡಿಕೊಂಡರು. ಅದಕ್ಕೂ ಮೊದಲು, 1981ರ ‘ಗೀತಾ’, 1983ರ ‘ಪಲ್ಲವಿ ಅನುಪಲ್ಲವಿ’ಯಲ್ಲಿ ಇಳಯರಾಜ ಬೇಸನ್ನು ಹಾಡಿನ ಅಡಿಯಲ್ಲಿ ಇನ್ನೊಂದು ಹಾಡಿನ ಹಾಗೆ ಹರಿಯಬಿಟ್ಟಿದ್ದರು. ಹೆಡ್‌ಫೋನ್ ಹಾಕಿಕೊಂಡು ಹಾಡುವವರನ್ನು ಮರೆತು ಕೆಳಗಿನದನ್ನು ಮಾತ್ರ ಹಿಂಬಾಲಿಸಿ ನೋಡಿ. ನಲವತ್ತು ವರ್ಷ ಕೇಳಿದ ಹಾಡು ಹೊಸದಾಗಿ ಕೇಳುತ್ತದೆ.

ಈಗ ಊರಿನ ರಸಮಂಜರಿಗೆ ಹೋಗಿ. ಬೇಸ್‌ನವನ ಜಾಗ ಖಾಲಿ. ಕೀಬೋರ್ಡಿನವನ ಎಡಗೈಯೋ ಪೆನ್‌ಡ್ರೈವಿನ ಟ್ರ್ಯಾಕೋ ಆ ಕೆಲಸ ಮಾಡುತ್ತದೆ. ಗಣೇಶನ ಮೆರವಣಿಗೆಯಲ್ಲಿ ಬೇಸ್ ಅಂದರೆ ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಡಿಜೆ ಪೆಟ್ಟಿಗೆ. ಕಿಟಕಿ ಗಾಜು ನಡುಗಿಸುವ ‘ಧಡ್’ಗೆ ಆ ಹೆಸರು. ಅದರಲ್ಲಿ ಸ್ವರ ಯಾವುದು ಅಂತ ಯಾರೂ ಕೇಳುವುದಿಲ್ಲ. ಹೀಗೆ ನುಡಿಸುವವರೇ ಇಲ್ಲವಾಗುತ್ತಿರುವ ಹೊತ್ತಿನಲ್ಲಿ, ಕಲಿಯಲು ಬಂದ ಹುಡುಗಿಗೆ ‘ನಿನ್ನ ಕೈ ಸಣ್ಣದು, ಯುಕುಲೇಲೆ ಕಲಿ’ ಅನ್ನುವ ಮೇಷ್ಟರು ಇದ್ದಾರೆ. ಬಾಗಿಲು ಕಾಯುವುದೇ ಕೆಲಸವಾದವರಿಗೆ ಮನೆಯೊಳಗೆ ಯಾರೂ ಉಳಿದಿಲ್ಲ ಅನ್ನುವುದು ಗೊತ್ತಾಗುವುದು ತಡವಾಗಿ.

ಅಳತೆಯ ಬಗ್ಗೆ ಕೂಗಾಡುವವರು ಮಾತಾಡಲೇಬೇಕಾದ ಇನ್ನೊಂದು ವಿಷಯವಿದೆ, ಅದರ ಬಗ್ಗೆ ಮೌನ. ಅರ್ಥಿಂಗ್. ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದೆ, ಮೂರನೆಯ ತೂತಿಗೆ ತಂತಿಯೇ ಇಲ್ಲ. ಪೆಂಡಾಲಿನಲ್ಲಂತೂ ಕೇಳುವುದೇ ಬೇಡ. ಬೇಸ್‌ನ ಉಕ್ಕಿನ ತಂತಿಗಳು ಕೇಬಲ್ ಮೂಲಕ ಆಂಪ್ಲಿಫೈಯರಿನ ಅರ್ಥ್‌ಗೆ ಸೇರಿರುತ್ತವೆ. ತಂತಿ ಮುಟ್ಟಿದಾಗ ಗುಂಯ್ ಸದ್ದು ಕಡಿಮೆಯಾಗುವುದು ಅದಕ್ಕೇ. ಆದರೆ ಆಂಪ್ ಅಥವಾ ಮೈಕಿನ ಸಿಸ್ಟಮ್ ಸರಿಯಾಗಿ ಅರ್ಥ್ ಆಗಿಲ್ಲದಿದ್ದರೆ, ಕೈಯಲ್ಲಿ ತಂತಿ, ತುಟಿಗೆ ಮೈಕು, ನಡುವೆ ನೀವು. 1972ರಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ ಹೀಗೆ ಮೈಕು ಮುಟ್ಟಿ ಸತ್ತ. ಐನೂರು ಸಾವಿರದ ಪಿಕಪ್ ಚರ್ಚೆ ಆಮೇಲೆ ಇಟ್ಟುಕೊಳ್ಳಿ, ಮೊದಲು ಒಬ್ಬ ಎಲೆಕ್ಟ್ರಿಷಿಯನ್‌ನ ಕರೆಸಿ ಆ ಮೂರನೆಯ ತೂತನ್ನು ಪರೀಕ್ಷಿಸಿ.

ತಂತಿಯ ತಾಪತ್ರಯವನ್ನೂ ಹೇಳಿಬಿಡುತ್ತೇನೆ, ಕೊಳ್ಳಬೇಕೆಂದಿರುವವರಿಗೆ ಉಪಯೋಗವಾದೀತು. ನಾನು ವಿಚಾರಿಸಿದ ಅಂಗಡಿಗಳಲ್ಲೆಲ್ಲ ಸಿಗುವುದು ಉದ್ದದ ಬೇಸ್‌ನ ತಂತಿ ಮಾತ್ರ. ಗಿಡ್ಡದ್ದಕ್ಕೆ ಬೇಕು ಅಂದರೆ "ಮೂವ್ ಆಗಲ್ಲ, ಇಡಲ್ಲ" ಅನ್ನುತ್ತಾರೆ. ವಾದ್ಯವನ್ನು ಬಿಗಿನರ್ಸ್‌ಗೆ ಅಂತ ಮಾರುವವರು ಆ ಬಿಗಿನರ್‌ಗೆ ಬೇಕಾದ ತಂತಿ ಇಡುವುದಿಲ್ಲ. ಉದ್ದದ ತಂತಿಯನ್ನೇ ಕತ್ತರಿಸಿ ಹಾಕಬಹುದು, ಆದರೆ ಅದರ ತುದಿ ತೆಳುವಾಗುವ ಜಾಗ ಗಿಡ್ಡ ವಾದ್ಯದ ನಟ್ ದಾಟಿ ಆಚೆಗೆಲ್ಲೋ ಇರುತ್ತದೆ, ದಪ್ಪ ಭಾಗವೇ ಬಿರಡೆಗೆ ಸುತ್ತಿಕೊಳ್ಳಬೇಕಾಗುತ್ತದೆ. ಅತಿ ದಪ್ಪದ್ದು ಬಿರಡೆಯ ತೂತಿಗೆ ಹೋಗುವುದೇ ಇಲ್ಲ. ಹೋದರೂ ಕತ್ತರಿಸಿದ ಕಡೆಯಿಂದ ಸುರುಳಿ ಬಿಚ್ಚಿಕೊಂಡು ದನಿ ಸತ್ತಂತಾಗುತ್ತದೆ. ಮೊದಲು ಇಕ್ಕಳದಿಂದ ಬಲವಾಗಿ ಮಡಚಿ, ಮಡಚಿದ ಜಾಗದಿಂದಾಚೆಗೆ ಕತ್ತರಿಸಿದರೆ ಸುರುಳಿ ನಿಲ್ಲುತ್ತದೆ. ಚಪ್ಪಟೆ ಸುತ್ತಿನ ತಂತಿಗೆ ಈ ಉಪಾಯವೂ ಬೇಡ, ದಪ್ಪ ಭಾಗ ಬಿರಡೆಯಲ್ಲಿ ಮುರಿಯುತ್ತದೆ. ಅದನ್ನು ಗಿಡ್ಡ ಅಳತೆಯದ್ದೇ ತರಿಸಬೇಕು. ನಮ್ಮ ಕಡೆಗೆ ಕೊರಿಯರ್ ಬರಲು ವಾರ ಹಿಡಿಯುತ್ತದೆ. ಚಪ್ಪಟೆ ತಂತಿ ವರ್ಷಗಟ್ಟಲೆ ಬಾಳುವುದರಿಂದ ವಾರ ಕಾಯುವುದು ದೊಡ್ಡ ಮಾತಲ್ಲ.